ಹನ್ನೊಂದು ವರ್ಷದ ಅನುಭವ, ಆರು ಸರ್ಟಿಫಿಕೇಟ್, ಆದರೂ ಬಡ್ತಿ ಇಲ್ಲ: ಕೊರತೆ ನನ್ನಲ್ಲೇ ಇದೆಯೇ?

ಪ್ರಶ್ನೆ: ನನಗೆ 35 ವರ್ಷ. ಊರು ತುರುವೇಕೆರೆ ಕಡೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ತುಮಕೂರಿನಲ್ಲಿ ಬಿ.ಕಾಂ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪೂರೈಕೆದಾರರ ಬಿಲ್ಲುಗಳು, ಜಿಎಸ್‌ಟಿ ತಾಳೆ, ತಿಂಗಳ ಕೊನೆಯ ಲೆಕ್ಕ ಎಲ್ಲವೂ ನನ್ನ ಪಾಲಿನವು. ಹುಡುಕಿದರೂ ತಪ್ಪು ಸಿಗದ ಹಾಗೆ ಮಾಡುತ್ತೇನೆ. ಹೊಸಬರಿಗೆ ಕಲಿಸುವವಳು, ಮೀಟಿಂಗ್ ಟಿಪ್ಪಣಿ ಬರೆಯುವವಳು, ಆಯುಧಪೂಜೆಗೆ ಚಂದಾ ಎತ್ತುವವಳು ನಾನೇ. ಎರಡು ವರ್ಷಗಳಿಂದ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಆನ್‌ಲೈನ್ ಕೋರ್ಸ್ ಮಾಡುತ್ತಿದ್ದೇನೆ. ಆರು ಸರ್ಟಿಫಿಕೇಟ್ ಬಂದಿವೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಕೇಳಿ ಮೂರು ಬಾರಿ ವ್ರತದಂತೆ ಶುರು ಮಾಡಿದೆ, ಮೂರು ಬಾರಿಯೂ ನಡುವೆ ತಪ್ಪಿತು. ಈ ಸಲದ ಬಡ್ತಿ ನನಗಿಂತ ಐದು ವರ್ಷ ಕಿರಿಯನಿಗೆ ಹೋಯಿತು. ಕಾರಣ ಕೇಳಿದಾಗ ಮೇಲಧಿಕಾರಿ, "ನೀವು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೀರಿ, ಸ್ವಲ್ಪ ಪ್ರೊಫೈಲ್ ಬೆಳೆಸಿಕೊಳ್ಳಿ" ಎಂದರು. ನನಗೆ ಮನೋಬಲ ಕಡಿಮೆಯೇ? ಇಂಗ್ಲಿಷ್ ಕಾರಣವೇ? ಕೆಲಸ ಬಿಡುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಾನು ಬೆಳೆಯುತ್ತಿದ್ದೇನೆಯೇ ಎಂಬುದು ಒಂದು. ನನ್ನ ಬೆಳವಣಿಗೆ ಯಾರ ಕಣ್ಣಿಗಾದರೂ ಬೀಳುತ್ತಿದೆಯೇ ಎಂಬುದು ಇನ್ನೊಂದು. ಅದಕ್ಕೆ ತಕ್ಕ ಪ್ರತಿಫಲ ಏಕೆ ಬರುತ್ತಿಲ್ಲ ಎಂಬುದು ಮೂರನೆಯದು. ಮೊದಲನೆಯದನ್ನು ಸರಿಮಾಡಿಕೊಂಡರೆ ಉಳಿದೆರಡು ತಾವಾಗಿಯೇ ಹಿಂದೆ ಬರುತ್ತವೆ ಎಂದು ನೀವು ನಂಬಿದ್ದೀರಿ. ಬರದೇ ಇದ್ದಾಗ, ಮೊದಲನೆಯದರಲ್ಲೇ ಏನೋ ಕೊರತೆಯಿರಬೇಕು ಎಂದುಕೊಂಡು ಇನ್ನೂ ಬೇಗ ಏಳುತ್ತಿದ್ದೀರಿ. ವೃತ್ತಿ ಮನೋವಿಜ್ಞಾನದ ಸಲಹೆಗಾರನಾಗಿ ನನ್ನ ಬಳಿ ಬರುವ ಮಧ್ಯಮ ಹಂತದ ಉದ್ಯೋಗಿಗಳಲ್ಲಿ, ಅದರಲ್ಲೂ ಕಷ್ಟಪಟ್ಟು ಓದಿ ಮೇಲೆ ಬಂದವರಲ್ಲಿ, ನಾನು ಅತಿ ಹೆಚ್ಚು ಕಾಣುವ ನಂಬಿಕೆ ಇದು. ಇದನ್ನು ಅಲುಗಾಡಿಸುವ ಒಂದು ಅಧ್ಯಯನ ನಡೆದಿರುವುದು ನೀವು ಕೆಲಸ ಮಾಡುವ ಬೆಂಗಳೂರಿನಲ್ಲೇ.

ಶಾಹಿ ಎಕ್ಸ್‌ಪೋರ್ಟ್ಸ್ ಎಂಬ ಸಿದ್ಧ ಉಡುಪು ಕಂಪನಿಯ ಐದು ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಮಹಿಳಾ ಕಾರ್ಮಿಕರ ತರಬೇತಿಯೊಂದನ್ನು ಪರೀಕ್ಷೆಗೆ ಒಡ್ಡಿದರು. ಆಸಕ್ತಿ ತೋರಿದವರಲ್ಲಿ ಯಾರಿಗೆ ತರಬೇತಿ ಎಂಬುದನ್ನು ಲಾಟರಿ ಎತ್ತಿ ನಿರ್ಧರಿಸಲಾಯಿತು. ಹೊಲಿಗೆ ಕಲಿಸುವ ತರಬೇತಿ ಅದಲ್ಲ. ಮಾತುಕತೆ, ಸಮಯದ ನಿರ್ವಹಣೆ, ಸಮಸ್ಯೆ ಬಂದಾಗ ಯೋಚಿಸುವ ಬಗೆ, ಹೀಗೆ ಒಟ್ಟು 80 ಗಂಟೆಯಷ್ಟು ಪಾಠ. ಮುಗಿದ ಮೇಲೆ ಲೆಕ್ಕ ಹಾಕಿದಾಗ ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 13.5ರಷ್ಟು ಹೆಚ್ಚಾಗಿತ್ತು. ಅವರ ಸಂಬಳ ಎಷ್ಟು ಹೆಚ್ಚಿತು ಗೊತ್ತೇ? ಶೇ 0.5. ತರಬೇತಿಗೆ ಹಾಕಿದ ಹಣಕ್ಕೆ, ತರಬೇತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಕಂಪನಿಗೆ ಬಂದ ನಿವ್ವಳ ಲಾಭ ಶೇ 258.

ಈ ಎರಡು ಅಂಕಿಗಳನ್ನು, 13.5 ಮತ್ತು 0.5 ಅನ್ನು, ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಆ ಹೆಣ್ಣುಮಕ್ಕಳು ನಿಜವಾಗಿಯೂ ಬೆಳೆದರು. ಅದನ್ನು ಅಳೆದವರಿದ್ದರು, ಲಾಭ ಪಡೆದವರಿದ್ದರು. ಆದರೂ ಪ್ರತಿಫಲ ತಾನಾಗಿ ಅವರ ಕೈಸೇರಲಿಲ್ಲ. ಒಬ್ಬ ಟೈಲರ್ ಎಷ್ಟು ಚುರುಕಾಗಿದ್ದಾಳೆ ಎಂಬುದು ಪಕ್ಕದ ಕಾರ್ಖಾನೆಗೆ ಕಾಣುವುದಿಲ್ಲ. ಕಾಣದಿದ್ದರೆ ಹೆಚ್ಚು ಸಂಬಳ ಕೊಟ್ಟು ಕರೆಯುವವರಿಲ್ಲ. ಕರೆಯುವವರಿಲ್ಲದಿದ್ದರೆ ಇದ್ದಲ್ಲೇ ಹೆಚ್ಚು ಕೊಡುವ ಒತ್ತಡವೂ ಇಲ್ಲ. ನಿಮ್ಮ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಬಡ್ತಿ ಬರಲಿಲ್ಲ ಎಂಬುದನ್ನು ನಿಮ್ಮ ಸಾಮರ್ಥ್ಯದ ಮೇಲಿನ ತೀರ್ಪು ಎಂದು ಓದಬೇಡಿ. ಅದರಲ್ಲಿ ಅಷ್ಟು ಮಾಹಿತಿ ಇಲ್ಲ.

ವರ್ಷಗಳು ಏನನ್ನು ಕಲಿಸುತ್ತವೆ

ಹೀಗೆಂದ ಮಾತ್ರಕ್ಕೆ ಹನ್ನೊಂದು ವರ್ಷದ ಅನುಭವಕ್ಕೆ ಹನ್ನೊಂದು ವರ್ಷದ ಬೆಲೆ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಸ್ವಲ್ಪ ಕಹಿ ಮಾತು ಬೇಕಾಗುತ್ತದೆ. 2005ರಲ್ಲಿ ನಿತೀಶ್ ಚೌಧರಿ ಮತ್ತು ಸಂಗಡಿಗರು ವೈದ್ಯರ ಅನುಭವಕ್ಕೂ ಚಿಕಿತ್ಸೆಯ ಗುಣಮಟ್ಟಕ್ಕೂ ಏನು ಸಂಬಂಧ ಎಂದು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. 62 ಮೌಲ್ಯಮಾಪನಗಳ ಪೈಕಿ 32ರಲ್ಲಿ, ವೃತ್ತಿಯಲ್ಲಿ ವರ್ಷ ಹೆಚ್ಚಾದಂತೆ ಗುಣಮಟ್ಟ ಕಡಿಮೆಯಾಗಿತ್ತು. ವೈದ್ಯರೇ ಹೀಗಾದರೆ ಉಳಿದ ನಮ್ಮ ಪಾಡೇನು! ಕೆಲಸ ಒಂದು ಮಟ್ಟಕ್ಕೆ ಕೈಗೆ ಹತ್ತಿದ ಮೇಲೆ ಅದು ತಾನಾಗಿ ನಡೆಯುತ್ತದೆ, ತಾನಾಗಿ ನಡೆಯುವಾಗ ಕಲಿಕೆ ನಿಲ್ಲುತ್ತದೆ.

ಹತ್ತು ಸಾವಿರ ಗಂಟೆಯ ಮಾತನ್ನು ನೀವೂ ಕೇಳಿರುತ್ತೀರಿ. ಅದರ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರ್ಲಿನ್‌ನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. ಅತ್ಯುತ್ತಮರ ಗುಂಪು ಇಪ್ಪತ್ತನೇ ವಯಸ್ಸಿಗೆ ಸರಾಸರಿ ಹತ್ತು ಸಾವಿರ ಗಂಟೆಗೂ ಮೀರಿ ಏಕಾಂತದಲ್ಲಿ ಅಭ್ಯಾಸ ಮಾಡಿತ್ತು. ಅದು ಸರಾಸರಿ ಮಾತ್ರ. ಅಷ್ಟು ಗಂಟೆ ತುಂಬಿಸಿದವರೆಲ್ಲ ನಿಪುಣರಾಗುತ್ತಾರೆ ಎಂಬ ನಿಯಮವನ್ನು ಎರಿಕ್ಸನ್ ಎಂದೂ ಹೇಳಲಿಲ್ಲ. ಅವರು ಒತ್ತಿ ಹೇಳಿದ್ದು ಅಭ್ಯಾಸದ ಬಗೆಯನ್ನು: ತನಗೆ ಬಾರದ ತುಣುಕನ್ನೇ ಆರಿಸಿಕೊಂಡು, ಮಾಡಿ, ಎಲ್ಲಿ ತಪ್ಪಿತೆಂದು ತಕ್ಷಣ ತಿಳಿದು, ಮತ್ತೆ ಮಾಡುವುದು. ಆ ಬಗೆಯ ಅಭ್ಯಾಸಕ್ಕೂ ಮಿತಿ ಇದೆ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರ ಮತ್ತು ಸಂಗಡಿಗರು ಲೆಕ್ಕ ಹಾಕಿದಂತೆ ಜನರ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಚೆಸ್‌ನಂತಹ ಆಟಗಳಲ್ಲಿ ಶೇ 26, ಸಂಗೀತದಲ್ಲಿ ಶೇ 21, ಉದ್ಯೋಗಗಳಲ್ಲಿ ಶೇ 1ಕ್ಕೂ ಕಡಿಮೆ. ಎರಿಕ್ಸನ್ ಈ ಲೆಕ್ಕವನ್ನು ಒಪ್ಪಲಿಲ್ಲ. ಉದ್ಯೋಗದ ಅಧ್ಯಯನಗಳಲ್ಲಿ ಅಭ್ಯಾಸವೆಂದು ಎಣಿಸಿದ್ದೆಲ್ಲ ನಿಜವಾದ ಅಭ್ಯಾಸವಲ್ಲ ಎಂದು ವಾದಿಸಿದರು. ನನ್ನ ಅನುಭವವೂ ಅವರ ಕಡೆಗೇ ವಾಲುತ್ತದೆ. ಕಚೇರಿಯಲ್ಲಿ ನಾವು ಮಾಡುವುದು ಕೆಲಸ; ಅಭ್ಯಾಸಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ, ಏಕೆಂದರೆ ನಮ್ಮ ತೀರ್ಮಾನ ಸರಿಯೋ ತಪ್ಪೋ ಎಂಬುದು ನಮಗೆ ತಿರುಗಿ ತಿಳಿಯುವುದೇ ಇಲ್ಲ.

ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅನುಭವಿಗಳ ಅಂತಃಪ್ರಜ್ಞೆಯ ಬಗ್ಗೆ ವಿರುದ್ಧ ಪಾಳೆಯಗಳಲ್ಲಿದ್ದವರು. 2009ರಲ್ಲಿ ಇಬ್ಬರೂ ಕೂಡಿ ಬರೆದ ಪ್ರಬಂಧದಲ್ಲಿ ಒಂದು ಒಪ್ಪಂದಕ್ಕೆ ಬಂದರು. ಅನುಭವ ಪರಿಣತಿಯಾಗಲು ಎರಡು ಷರತ್ತುಗಳಿವೆ: ಕೆಲಸದಲ್ಲಿ ಮರುಕಳಿಸುವ ಕ್ರಮವೊಂದು ಇರಬೇಕು, ಮತ್ತು ತನ್ನ ಊಹೆಯ ಫಲಿತಾಂಶ ಆ ವ್ಯಕ್ತಿಗೆ ಬೇಗನೆ, ಸ್ಪಷ್ಟವಾಗಿ ಗೊತ್ತಾಗಬೇಕು. ನಿಮ್ಮ ಅದೃಷ್ಟಕ್ಕೆ ಜಿಎಸ್‌ಟಿಯಲ್ಲಿ ಈ ಎರಡೂ ಇವೆ. ಹೇಗೆಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಪೂರೈಕೆದಾರರು ತಿಂಗಳ 11ರೊಳಗೆ ಜಿಎಸ್‌ಟಿಆರ್-1 (ಹಿಂದಿನ ತಿಂಗಳ ತಮ್ಮ ಮಾರಾಟದ ಬಿಲ್ಲುಗಳ ವಿವರ) ಸಲ್ಲಿಸಬೇಕು. 14ರಂದು ನಿಮ್ಮ ಕಂಪನಿಯ ಜಿಎಸ್‌ಟಿಆರ್-2ಬಿ, ಅಂದರೆ ಪೂರೈಕೆದಾರರು ಹಾಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಸಿದ್ಧವಾಗುತ್ತದೆ. 20ರೊಳಗೆ ನೀವು 3ಬಿ (ತಿಂಗಳ ತೆರಿಗೆಯ ಲೆಕ್ಕ) ಸಲ್ಲಿಸಿ ತೆರಿಗೆ ಕಟ್ಟಬೇಕು. ಯಾವ ಬಿಲ್ಲು 2ಬಿಯಲ್ಲಿ ಕಾಣಿಸುವುದಿಲ್ಲವೋ ಅದರ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಆಗಲೇ ತೆತ್ತ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಆ ತಿಂಗಳು ಸಿಗುವುದಿಲ್ಲ. ಅಷ್ಟನ್ನು ಕಂಪನಿ ನಗದಿನಲ್ಲಿ ಕಟ್ಟಬೇಕು. ಈಗ ನೀವು ಮಾಡುತ್ತಿರುವುದು 14ರ ನಂತರ ಖರೀದಿ ಪುಸ್ತಕಕ್ಕೂ 2ಬಿಗೂ ತಾಳೆ ನೋಡಿ, ಬಾರದ ಬಿಲ್ಲುಗಳ ಪಟ್ಟಿ ಮಾಡಿ, ಪೂರೈಕೆದಾರರಿಗೆ ಫೋನ್ ಮಾಡುವ ಕೆಲಸ. ಇದನ್ನು ಹತ್ತು ವರ್ಷ ಮಾಡಿದರೂ ಎರಡನೇ ವರ್ಷದ ಜಾಣ್ಮೆಯೇ ಉಳಿಯುತ್ತದೆ.

ಬದಲಿಗೆ 10ನೇ ತಾರೀಖು ಒಂದು ಹಾಳೆ ತೆಗೆದುಕೊಳ್ಳಿ. ಈ ಸಲ ಯಾವ ಪೂರೈಕೆದಾರರ ಬಿಲ್ಲುಗಳು 2ಬಿಯಲ್ಲಿ ಬರುವುದಿಲ್ಲ ಎಂದು ನಿಮಗೆ ಅನಿಸುತ್ತದೆಯೋ ಅವರ ಹೆಸರು ಬರೆಯಿರಿ. ಪಕ್ಕದಲ್ಲಿ ಎಷ್ಟು ರೂಪಾಯಿ ಕ್ರೆಡಿಟ್ ನಿಲ್ಲಬಹುದು ಎಂಬ ಅಂದಾಜು ಮತ್ತು ಒಂದು ಸಾಲಿನಲ್ಲಿ ಕಾರಣ: "ಮಾಲೀಕರು ಊರಲ್ಲಿಲ್ಲ", "ಹಿಂದಿನ ತ್ರೈಮಾಸಿಕದಲ್ಲೂ ತಡಮಾಡಿದ್ದರು", "ಬಿಲ್ಲಿನಲ್ಲಿ ನಮ್ಮ ನೋಂದಣಿ ಸಂಖ್ಯೆಯನ್ನೇ ತಪ್ಪಾಗಿ ಹಾಕಿದ್ದಾರೆ". 14ರಂದು 2ಬಿ ಬಂದಾಗ ತಾಳೆ ನೋಡಿ. ನೀವು ಹೇಳಿದವರಲ್ಲಿ ಎಷ್ಟು ಮಂದಿ ನಿಜವಾಗಿಯೂ ತಪ್ಪಿದರು? ನೀವು ಹೇಳದೇ ಇದ್ದವರಲ್ಲಿ ಯಾರು ತಪ್ಪಿದರು? ಈ ಎರಡನೇ ಗುಂಪೇ ನಿಮ್ಮ ಪಾಠ. ಮೊದಲ ತಿಂಗಳು ಊಹೆ ಹೆಚ್ಚೇನೂ ನಿಲ್ಲುವುದಿಲ್ಲ. ಕೆಲವು ತಿಂಗಳು ಬಿಡದೆ ಮಾಡಿದರೆ ಯಾವ ಪೂರೈಕೆದಾರ ಎಲ್ಲಿ ಎಡವುತ್ತಾನೆ ಎಂಬುದು ನಿಮಗೆ ಮುಂಚೆಯೇ ಕಾಣತೊಡಗುತ್ತದೆ. 10ರಂದೇ ಗೊತ್ತಿದ್ದರೆ 11ರೊಳಗೆ ಫೋನ್ ಮಾಡಿ ಸರಿಪಡಿಸಬಹುದು. 15ರಂದು ಗೊತ್ತಾದರೆ ಆ ತಿಂಗಳ ಗಡುವು ಆಗಲೇ ದಾಟಿರುತ್ತದೆ. ಹಾಗೆ ಮುಂಚೆಯೇ ಹಿಡಿದು ಉಳಿಸಿದ ನಗದಿನ ಮೊತ್ತ ನಿಮ್ಮ ಮೇಲಧಿಕಾರಿಗೆ ಅರ್ಥವಾಗುವ ಅಂಕಿ. ಕಲಿಕೆಯೂ ಆಯಿತು, ಕಣ್ಣಿಗೆ ಬೀಳುವ ಪುರಾವೆಯೂ ಸಿಕ್ಕಿತು. ಬೆಳಿಗ್ಗೆ ನಾಲ್ಕೂವರೆಯ ಯಾವ ಕೋರ್ಸೂ ಇದನ್ನು ಕೊಡಲಾರದು.

ಕೋರ್ಸುಗಳೇ ವ್ಯರ್ಥ ಎಂದಲ್ಲ. ಆದರೆ ವಿಡಿಯೊ ನೋಡುತ್ತಾ ಹೋಗುವುದು ಕಲಿಕೆಯ ಅತಿ ದುರ್ಬಲ ರೂಪ, ಏಕೆಂದರೆ ಅರ್ಥವಾಯಿತು ಎಂಬ ಭಾವನೆ ಬರುವಷ್ಟು ಸುಲಭವಾಗಿ ನೆನಪು ನಿಲ್ಲುವುದಿಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಕೊಟ್ಟರು. ಒಂದು ಗುಂಪು ಅದನ್ನೇ ಮತ್ತೊಮ್ಮೆ ಓದಿತು, ಇನ್ನೊಂದು ಗುಂಪು ಪುಟ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರಿಗೆ ಶೇ 56 ನೆನಪಿತ್ತು, ಓದಿದವರಿಗೆ ಶೇ 42. ಆರು ಸರ್ಟಿಫಿಕೇಟುಗಳಲ್ಲಿ ಒಂದನ್ನು ಆರಿಸಿ, ಅದರ ವಿಷಯವನ್ನು ಏನನ್ನೂ ನೋಡದೆ ಎರಡು ಪುಟ ಬರೆಯಲು ಪ್ರಯತ್ನಿಸಿ. ಬರೆಯಲಾಗದಿದ್ದರೆ ಏಳನೆಯದಕ್ಕೆ ಹಣ ಕಟ್ಟಬೇಡಿ.

ಮನೋಬಲ, 21 ದಿನ, ನಿದ್ದೆ

ಇವುಗಳನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಿಮ್ಮನ್ನು ಅತಿ ಹೆಚ್ಚು ಹಿಂಡುತ್ತಿರುವ ಈ ಭಾಗದಲ್ಲೇ ನಿಮ್ಮ ತಪ್ಪು ಅತಿ ಕಡಿಮೆ.

21 ದಿನದ ಮಾತನ್ನು ಹಬ್ಬಿಸಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಅವಲೋಕನ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಇಷ್ಟು ದಿನ ಬೇಕು ಎಂದು ಅವರು ಗಮನಿಸಿದ್ದರು. ಅದರಲ್ಲಿದ್ದ "ಕನಿಷ್ಠ" ಎಂಬ ಪದ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಹಿಂಬಾಲಿಸಿದರು. ಅಭ್ಯಾಸ ಗಟ್ಟಿಯಾಗಲು ಹಿಡಿದ ಮಧ್ಯಾಂಕ ಅವಧಿ 66 ದಿನ. ಆ ದತ್ತಾಂಶದಿಂದ ಅಂದಾಜಿಸಿದ ವ್ಯಾಪ್ತಿ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂತಹ ನಷ್ಟವೇನೂ ಆಗಿರಲಿಲ್ಲ. ನೀವು ಮೂರು ಬಾರಿ ವ್ರತಭಂಗವಾಯಿತೆಂದು ಬಿಟ್ಟಿರಲ್ಲ, ಮೂರು ಬಾರಿಯೂ ಮಾರನೆಯ ದಿನ ಸುಮ್ಮನೆ ಮುಂದುವರಿಸಬಹುದಿತ್ತು.

ಮನೋಬಲ ಎಂಬುದು ದಿನವಿಡೀ ಖರ್ಚಾಗಿ ಸಂಜೆಗೆ ಬತ್ತಿಹೋಗುವ ಇಂಧನ ಎಂಬ ಸಿದ್ಧಾಂತ 1998ರಲ್ಲಿ ರಾಯ್ ಬಾಮೈಸ್ಟರ್ ತಂಡದಿಂದ ಬಂದು ಬಹಳ ಪ್ರಸಿದ್ಧವಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂದು ನಿಂತಿತು. ಆದ್ದರಿಂದ ನಿಮ್ಮ ಮನೋಬಲದ ಟ್ಯಾಂಕು ಚಿಕ್ಕದು ಎಂಬ ಚಿಂತೆ ಬಿಡಿ. ಅದಕ್ಕಿಂತ ಗಟ್ಟಿಯಾಗಿ ನಿಂತಿರುವುದು ಪೀಟರ್ ಗಾಲ್‌ವಿಟ್ಜರ್ ಅವರ ಕೆಲಸ: "ಇಂಥ ಸಮಯದಲ್ಲಿ, ಇಂಥ ಜಾಗದಲ್ಲಿ, ಇದಾದ ತಕ್ಷಣ ಇದನ್ನು ಮಾಡುತ್ತೇನೆ" ಎಂದು ಮುಂಚೆಯೇ ನಿಗದಿ ಮಾಡಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಸ್ಪಷ್ಟವಾಗಿ ಮುಂದಿರುತ್ತಾರೆ. 94 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ಇದನ್ನು ತೋರಿಸಿದೆ. "10ನೇ ತಾರೀಖು ಊಟದ ಡಬ್ಬಿ ತೊಳೆದಿಟ್ಟ ಕೂಡಲೇ ನನ್ನ ಮೇಜಿನಲ್ಲಿ ಕುಳಿತು ಆ ಹಾಳೆ ಬರೆಯುತ್ತೇನೆ" ಎಂಬಷ್ಟು ನಿರ್ದಿಷ್ಟವಾಗಿರಲಿ.

ಹನ್ನೊಂದರಿಂದ ನಾಲ್ಕೂವರೆ ಎಂದರೆ ಐದೂವರೆ ಗಂಟೆ. 2003ರಲ್ಲಿ ಹಾನ್ಸ್ ವಾನ್ ಡಾಂಗೆನ್ ತಂಡ ಆರೋಗ್ಯವಂತ 48 ಮಂದಿಯ ನಿದ್ದೆಯನ್ನು ಪ್ರಯೋಗಾಲಯದಲ್ಲಿ ನಿಯಂತ್ರಿಸಿ ನೋಡಿತು. ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಸಂಪೂರ್ಣ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರಿಗೆ ಅದು ಅಷ್ಟಾಗಿ ಅರಿವಾಗುತ್ತಿರಲಿಲ್ಲ ಎಂಬುದೇ ಆತಂಕದ ಸಂಗತಿ. ಚೆನ್ನೈಯಲ್ಲಿ ದತ್ತಾಂಶ ನಮೂದಿಸುವ ಕೆಲಸಗಾರರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಮುಖ ತೋರಿಸಿದೆ. ಮನೆಯಲ್ಲಿ ರಾತ್ರಿ ಇನ್ನರ್ಧ ಗಂಟೆ ಹೆಚ್ಚು ಮಲಗುವಂತೆ ಮಾಡಿದ್ದರಿಂದ ಅವರ ಕೆಲಸ ಸುಧಾರಿಸಲಿಲ್ಲ. ಮಧ್ಯಾಹ್ನ ಕೆಲಸದ ಜಾಗದಲ್ಲೇ ಅರ್ಧ ಗಂಟೆ ಮಲಗಲು ಬಿಟ್ಟಾಗ ಉತ್ಪಾದಕತೆಯೂ ನೆಮ್ಮದಿಯೂ ಏರಿದವು. ಸದ್ದುಗದ್ದಲದ, ಸೆಕೆಯ ಮನೆಗಳಲ್ಲಿ ನಿದ್ದೆಯ ಅವಧಿಗಿಂತ ಅದರ ಗುಣ ದೊಡ್ಡದು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಅದೇನೇ ಇರಲಿ, ಅಂಕಿಗಳ ಜೊತೆ ದಿನಗಳೆಯುವ ನೀವು ನಾಲ್ಕೂವರೆಯ ಅಲಾರಂ ತೆಗೆದುಹಾಕಿ.

"ಪ್ರೊಫೈಲ್ ಬೆಳೆಸಿಕೊಳ್ಳಿ" ಎಂದರೇನು

ಈ ಮಾತಿನಿಂದ ನೀವು ಏನನ್ನೂ ಕಲಿಯಲಾರಿರಿ. ತಪ್ಪು ಆ ಮಾತಿನದು. ಹಿಮ್ಮಾಹಿತಿಯ, ಅಂದರೆ ಕೆಲಸ ಹೇಗಿದೆ ಎಂದು ಬೇರೆಯವರು ಹೇಳುವ ಮಾತಿನ, ಪರಿಣಾಮವನ್ನು ಕುರಿತು ಅವ್ರಹಾಮ್ ಕ್ಲೂಗರ್ ಮತ್ತು ಏಂಜಲೋ ಡಿನಿಸಿ 1996ರಲ್ಲಿ 607 ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸರಾಸರಿಯಲ್ಲಿ ಹಿಮ್ಮಾಹಿತಿ ಉಪಯುಕ್ತವೇ. ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂದರ್ಭಗಳಲ್ಲಿ ಅದು ಕೆಲಸವನ್ನು ಇನ್ನಷ್ಟು ಕೆಡಿಸಿತ್ತು. ಗಮನ ಕೆಲಸದ ಮೇಲಿಂದ ಜಾರಿ "ನಾನು ಎಂಥವಳು" ಎಂಬುದರ ಮೇಲೆ ಬಿದ್ದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. ಆ ಒಂದು ವಾಕ್ಯ ಕೇಳಿದಾಗಿನಿಂದ ನಿಮಗೆ ಆಗಿರುವುದೂ ಇದೇ.

ಅದನ್ನು ಕೆಲಸದ ಮಾತಾಗಿ ತಿರುಗಿಸುವ ಹೊಣೆ, ಅನ್ಯಾಯವೆನಿಸಿದರೂ, ನಿಮ್ಮ ಮೇಲೇ ಬೀಳುತ್ತದೆ. ನಿಮ್ಮ ಮೇಲಧಿಕಾರಿಯನ್ನು ಹೀಗೆ ಕೇಳಿ: "ಮುಂದಿನ ಹುದ್ದೆಯಲ್ಲಿರುವವರು ಮಾಡುವ, ನಾನು ಈಗ ಮಾಡದೇ ಇರುವ ಎರಡು ಕೆಲಸಗಳು ಯಾವುವು? ಅದರಲ್ಲಿ ಒಂದನ್ನು ಈ ತ್ರೈಮಾಸಿಕದಲ್ಲಿ ನನಗೆ ಕೊಡುತ್ತೀರಾ?" ಉತ್ತರ ಸಿಕ್ಕರೆ ಅದೇ ದಿನ ಒಂದು ಸಣ್ಣ ಇಮೇಲ್‌ನಲ್ಲಿ ಬರೆದು ಕಳುಹಿಸಿ. ಸಿಗದಿದ್ದರೆ, ಅದೂ ಒಂದು ಉತ್ತರವೇ.

ಇನ್ನು ಟಿಪ್ಪಣಿ, ಚಂದಾ, ಹೊಸಬರ ತರಬೇತಿ. ಲಿಂಡಾ ಬ್ಯಾಬ್‌ಕಾಕ್ ಮತ್ತು ಮೂವರು ಸಹ ಸಂಶೋಧಕಿಯರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂಥ ಕೆಲಸಗಳ ಬಗ್ಗೆಯೇ ಇವೆ: ಯಾರಾದರೂ ಮಾಡಲೇಬೇಕಾದ, ಆದರೆ ಮಾಡಿದವರಿಗೆ ಬಡ್ತಿ ತರದ ಕೆಲಸಗಳು. ಗಂಡಸರೂ ಹೆಂಗಸರೂ ಇದ್ದ ಗುಂಪುಗಳಲ್ಲಿ ಹೆಂಗಸರು ಸುಮಾರು ಒಂದೂವರೆ ಪಟ್ಟು ಹೆಚ್ಚು ಸಲ ತಾವಾಗಿ ಮುಂದೆ ಬಂದರು. ಬೇರೊಬ್ಬರು ಯಾರನ್ನಾದರೂ ಆರಿಸಿ ಕೇಳಬೇಕಿದ್ದಾಗ ಹೆಂಗಸರನ್ನೇ ಶೇ 44ರಷ್ಟು ಹೆಚ್ಚು ಕೇಳಲಾಯಿತು. ಕೇಳಿದಾಗ ಒಪ್ಪಿದವರು ಹೆಂಗಸರಲ್ಲಿ ಶೇ 76, ಗಂಡಸರಲ್ಲಿ ಶೇ 51. ಬರಿಯ ಹೆಂಗಸರ ಅಥವಾ ಬರಿಯ ಗಂಡಸರ ಗುಂಪಿನಲ್ಲಿ ಮುಂದೆ ಬರುವವರ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ! ಅಂದರೆ ಇದು ಹೆಣ್ಣಿನ ಸ್ವಭಾವವಲ್ಲ, ಎಲ್ಲರ ನಿರೀಕ್ಷೆ. ನೀವು ಮಾಡುತ್ತೀರಿ ಎಂದು ಎಲ್ಲರಿಗೂ ಗೊತ್ತು, ನಿಮಗೂ ಗೊತ್ತು.

ಎಲ್ಲವನ್ನೂ ಒಂದೇ ದಿನ ಕೈಬಿಟ್ಟರೆ "ಬಡ್ತಿ ಸಿಗದಿದ್ದಕ್ಕೆ ಕೋಪ" ಎಂಬ ಹೆಸರು ಬರುತ್ತದೆ. ಹೊಸಬರ ತರಬೇತಿಯನ್ನು ಇಟ್ಟುಕೊಳ್ಳಿ, ಆದರೆ ಅದನ್ನು ನಿಮ್ಮ ವಾರ್ಷಿಕ ಮೌಲ್ಯಮಾಪನದ ಗುರಿಗಳಲ್ಲಿ ಬರೆಸಿ. ಅದು ಮೇಲ್ವಿಚಾರಕರ ಕೆಲಸಕ್ಕೆ ಹತ್ತಿರದ್ದು. ಟಿಪ್ಪಣಿ ಸರದಿಯ ಮೇಲೆ ಬರಲಿ ಎಂದು ಸೂಚಿಸಿ. ಚಂದಾ ಈ ವರ್ಷ ಬೇರೆಯವರು ಎತ್ತಲಿ.

ಬಡ್ತಿ ಪಡೆದ ಆ ಕಿರಿಯರ ಬಗ್ಗೆ ಒಂದು ಮಾತು. ಮೇಲಿನ ಹುದ್ದೆ ಎಂದರೆ ಈಗಿನ ಕೆಲಸದ ಇನ್ನೂ ಚೆನ್ನಾದ ರೂಪವಲ್ಲ. ಅಮೆರಿಕದ ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಅಧ್ಯಯನ ಮಾಡಿದ ಅಲನ್ ಬೆನ್ಸನ್, ಡೇನಿಯಲ್ ಲಿ ಮತ್ತು ಕೆಲ್ಲಿ ಶೂ 2019ರಲ್ಲಿ ತೋರಿಸಿದ್ದು ಇದನ್ನೇ: ಕಂಪನಿಗಳು ಅತಿ ಹೆಚ್ಚು ಮಾರಾಟ ಮಾಡುವವರನ್ನೇ ವ್ಯವಸ್ಥಾಪಕರನ್ನಾಗಿ ಮಾಡುತ್ತವೆ, ಆದರೆ ಅಂಥವರ ಕೈಕೆಳಗಿನ ತಂಡಗಳೇ ಹೆಚ್ಚು ಹಿಂದೆ ಬಿದ್ದವು. ಆ ಹುದ್ದೆಯಲ್ಲಿ ದಿನದ ಅರ್ಧ ಭಾಗ ಬ್ಯಾಂಕಿನವರ ಜೊತೆ, ಲೆಕ್ಕ ಪರಿಶೋಧಕರ ಜೊತೆ, ಮುನಿಸಿಕೊಂಡ ಸಹೋದ್ಯೋಗಿಗಳ ಜೊತೆ ಮಾತಿನಲ್ಲೇ ಕಳೆಯುತ್ತದೆ. ಅದು ನಿಮಗೆ ನಿಜವಾಗಿಯೂ ಬೇಕೇ, ಅಥವಾ ಬೇಕಿರುವುದು ಸಂಬಳ ಮತ್ತು ಗೌರವ ಮಾತ್ರವೇ? ತೆರಿಗೆಯಲ್ಲೇ ಪರಿಣತಳಾಗಿ ಬೆಳೆಯುವ ದಾರಿಯೂ ಇದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ನಿಮ್ಮಲ್ಲಿದೆ.

ಇಂಗ್ಲಿಷ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅದು ಕಾರಣವೇ ಅಲ್ಲ ಎಂದು ಸಮಾಧಾನ ಹೇಳಿದರೆ ಸುಳ್ಳಾಗುತ್ತದೆ. ಮೆಹ್ತಾಬುಲ್ ಆಜಂ, ಐಮಿ ಚಿನ್ ಮತ್ತು ನಿಶಿತ್ ಪ್ರಕಾಶ್ ಅವರು 2005ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ದತ್ತಾಂಶದಿಂದ ಲೆಕ್ಕ ಹಾಕಿದಂತೆ, ಓದು ಮುಂತಾದವುಗಳ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ ಸರಾಗವಾಗಿ ಇಂಗ್ಲಿಷ್ ಮಾತನಾಡುವ ಪುರುಷರ ಗಂಟೆಯ ಗಳಿಕೆ ಇಂಗ್ಲಿಷ್ ಬಾರದವರಿಗಿಂತ ಸರಾಸರಿ ಶೇ 34 ಹೆಚ್ಚು, ಅಲ್ಪಸ್ವಲ್ಪ ಬಲ್ಲವರದು ಶೇ 13 ಹೆಚ್ಚು. ವಯಸ್ಸು ಮತ್ತು ಓದು ಹೆಚ್ಚಿರುವವರಿಗೆ ಈ ಲಾಭ ಇನ್ನೂ ಹೆಚ್ಚು. ಭಾಷೆಯ ಹೆಸರಿನಲ್ಲಿ ನಡೆಯುವ ಈ ತಾರತಮ್ಯ ನನಗೆ ನೋವು ತರುತ್ತದೆ, ಆದರೆ ಅದು ಇದೆ. ನೀವು ಇಡೀ ಭಾಷೆಯನ್ನು ಹೊಸದಾಗಿ ಕಲಿಯಬೇಕಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಬಾಯಿ ತೆರೆಯಬೇಕಾದ ಸಂದರ್ಭಗಳು ಬೆರಳೆಣಿಕೆಯಷ್ಟು: ತಿಂಗಳ ಲೆಕ್ಕ ವಿವರಿಸುವುದು, ಪರಿಶೋಧಕರ ಪ್ರಶ್ನೆಗೆ ಉತ್ತರಿಸುವುದು, ವ್ಯತ್ಯಾಸಕ್ಕೆ ಕಾರಣ ಹೇಳುವುದು. ಅಷ್ಟನ್ನೇ ಗಟ್ಟಿಯಾಗಿ ಹೇಳಿ, ಮೊಬೈಲ್‌ನಲ್ಲಿ ಮುದ್ರಿಸಿಕೊಂಡು, ಕೇಳಿ, ಮತ್ತೆ ಹೇಳಿ.

ಬಿಡಬೇಕೇ, ಇರಬೇಕೇ

ಇದ್ದು ಕೇಳುವುದು ಮೊದಲ ದಾರಿ. ಅಪಾಯವಿಲ್ಲದ ದಾರಿಯಲ್ಲ. ಹೆಚ್ಚು ಸಂಬಳಕ್ಕೆ ಮಾತನಾಡಿದ ಹೆಂಗಸರನ್ನು ಮೌಲ್ಯಮಾಪಕರು, ಮುಖ್ಯವಾಗಿ ಗಂಡಸರು, ಅದೇ ಮಾತಾಡಿದ ಗಂಡಸರಿಗಿಂತ ಹೆಚ್ಚು ಕೆಟ್ಟದಾಗಿ ಕಂಡರು ಎಂದು ಹಾನಾ ರೈಲಿ ಬೌಲ್ಸ್ ಮತ್ತು ಸಂಗಡಿಗರ 2007ರ ಪ್ರಯೋಗಗಳು ತೋರಿಸಿವೆ. ಇದು ನ್ಯಾಯವಲ್ಲ, ಆದರೆ ತಿಳಿದು ಹೋಗುವುದು ಒಳ್ಳೆಯದು. "ನನಗೆ ಬೇಕು" ಎಂಬುದಕ್ಕಿಂತ "ಈ ಆರು ತಿಂಗಳಲ್ಲಿ ಇಷ್ಟು ನಗದು ಉಳಿಯಿತು, ಇದನ್ನು ಮೂರೂ ಘಟಕಗಳಿಗೆ ವಿಸ್ತರಿಸಲು ನನಗೆ ಈ ಹುದ್ದೆ ಬೇಕು" ಎಂಬ ಮಾತು ಹೆಚ್ಚು ನಡೆಯುವುದನ್ನು ನಾನು ಕಂಡಿದ್ದೇನೆ. ವಾರ್ಷಿಕ ಮೌಲ್ಯಮಾಪನ ಮಾರ್ಚಿನಲ್ಲಿದ್ದರೆ ಈ ಮಾತು ಡಿಸೆಂಬರಿನಲ್ಲೇ ಆಗಬೇಕು. ಬಡ್ತಿಯ ಪತ್ರ ಮುದ್ರಣವಾದ ಮೇಲೆ ತೀರ್ಮಾನ ಬದಲಾಗುವುದು ಅಪರೂಪ.

ಎರಡನೆಯದು ಕಂಪನಿಯೊಳಗೇ ಬೇರೆ ವಿಭಾಗಕ್ಕೆ ಸರಿಯುವುದು. ಕಂಪನಿ ಚಿಕ್ಕದಾದರೆ ಅಲ್ಲಿ ಜಾಗವಿರುವುದಿಲ್ಲ, ಹಳೆಯ ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಕೇಳಿ ನೋಡಿ, ಅದಕ್ಕಾಗಿ ಕಾಯಬೇಡಿ.

ಮೂರನೆಯದು ಹೊರಗೆ ಹುಡುಕುವುದು. ಬಿಡುವ ಮನಸ್ಸಿಲ್ಲದಿದ್ದರೂ ಇದನ್ನು ಶುರುಮಾಡಿ ಎಂಬುದೇ ನನ್ನ ಸಲಹೆ, ಏಕೆಂದರೆ ಆ ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಇಲ್ಲದೇ ಹೋದದ್ದು ಹೊರಗಿನ ಬೇಡಿಕೆ. ಯಾರನ್ನು ಕೇಳುವುದು? ಹತ್ತಿರದ ಗೆಳತಿಯರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಕೆಲಸದ ಸುದ್ದಿ ದೂರದ ಪರಿಚಯಗಳಿಂದ ಬರುತ್ತದೆ ಎಂದು ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ಅದನ್ನು ಬಹುಪಾಲು ಎತ್ತಿಹಿಡಿದಿವೆ. ತೀರಾ ಅಪರಿಚಿತರಲ್ಲದ, ಆದರೆ ಆಪ್ತರೂ ಅಲ್ಲದ ಪರಿಚಯಗಳು ಅತಿ ಹೆಚ್ಚು ನೆರವಾದವು. ನಿಮಗೆ ಅಂಥವರು ಯಾರು? ಪ್ರತಿ ತಿಂಗಳು ಫೋನ್‌ನಲ್ಲಿ ಸಿಗುವ ಪೂರೈಕೆದಾರರ ಲೆಕ್ಕಿಗರು, ವರ್ಷಕ್ಕೊಮ್ಮೆ ಬರುವ ಲೆಕ್ಕ ಪರಿಶೋಧಕರ ಕಚೇರಿಯ ಹುಡುಗರು, ಕಂಪನಿ ಬಿಟ್ಟುಹೋದ ಹಳೆಯ ಸಹೋದ್ಯೋಗಿಗಳು, ತುಮಕೂರಿನ ಸಹಪಾಠಿಗಳು. ನಿಮ್ಮ ಕೆಲಸ ಎಷ್ಟು ಅಚ್ಚುಕಟ್ಟು ಎಂದು ನಿಮ್ಮ ಮೇಲಧಿಕಾರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಇದರ ಅಪಾಯಗಳೂ ಇವೆ. ಹೊಸ ಕಡೆ ನಿಮ್ಮ ಹನ್ನೊಂದು ವರ್ಷದ ವಿಶ್ವಾಸ ಸೊನ್ನೆಯಿಂದ ಶುರುವಾಗುತ್ತದೆ. ಮಗು ಅಥವಾ ವಯಸ್ಸಾದವರು ಮನೆಯಲ್ಲಿದ್ದರೆ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವ ಗಂಟೆಗಳು ಸಂಬಳದ ಏರಿಕೆಯನ್ನು ತಿಂದುಹಾಕುತ್ತವೆ. ಹೊರಗಿನ ಅವಕಾಶವನ್ನು ಬರಿಯ ಬೆದರಿಕೆಯಾಗಿ ಬಳಸಬೇಡಿ. "ಸರಿ, ಹೋಗಿ" ಎಂದರೆ ಹೋಗಲು ಸಿದ್ಧವಿದ್ದಾಗ ಮಾತ್ರ ಅದನ್ನು ಬಾಯಿಬಿಡಿ. ನೇಮಕಾತಿ ಪತ್ರ ಕೈಗೆ ಬರುವ ಮುನ್ನ ರಾಜೀನಾಮೆ ಬೇಡ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ನಿಮ್ಮ ಹಕ್ಕು, ಅದನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಿ. ಭವಿಷ್ಯ ನಿಧಿಯನ್ನು ಹಿಂಪಡೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಅದಕ್ಕೂ ಮುಂಚೆ, ಈ ವಾರವೇ, ನಿಮ್ಮ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್, ಪ್ಯಾನ್ ಮತ್ತು ಪಿಎಫ್ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ ಎಂದು ನೋಡಿ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಮದುವೆಯ ನಂತರ ಗಂಡನ ಹೆಸರು ಸೇರಿಕೊಂಡ ಹೆಣ್ಣುಮಕ್ಕಳಲ್ಲಿ ಈ ವ್ಯತ್ಯಾಸ ಸಾಮಾನ್ಯ. ತಿದ್ದುಪಡಿಗೆ ಕಂಪನಿಯ ಒಪ್ಪಿಗೆ ಬೇಕಾದರೆ ಅದನ್ನು ನೀವು ಅಲ್ಲಿ ಕೆಲಸದಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಸುಲಭ.